ಬೆಚ್ಚನೆ ಮೂಲೆಯ ಹಾರ್ಮೋನಿಯಂ

ಪ್ಯೋ ಮಿರಾನ್‌ಗೂ ಬಾಂಗ್ ದುಸಿಕ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಚುಂಚೋನ್ ಊರಿನಲ್ಲಿ ಹಾಡು ಕೇಳುವವರಿಗೆಲ್ಲ ಗೊತ್ತಿತ್ತು. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ತೊಂದರೆಯ ಬೇರು ಅಲ್ಲೇ ಇತ್ತು. ಒಬ್ಬರು ಒಂದು ವರ್ಷವಾದರೂ ದೊಡ್ಡವರಾಗಿದ್ದರೆ ಇನ್ನೊಬ್ಬರು ಅಣ್ಣ ಎಂದೋ ಅಕ್ಕ ಎಂದೋ ಕರೆದು ತಗ್ಗಬೇಕಾಗುತ್ತಿತ್ತು. ಓರಗೆಯವರಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಇಬ್ಬರೂ ಸಮಸಮವಾಗಿ ಹೋಗೋ, ಬಾರೇ ಎಂದು ಬೈದಾಡುತ್ತಿದ್ದರು.

ಮಿರಾನ್ ಹುಟ್ಟಿ ಬೆಳೆದದ್ದು ಪಿಯಾನೋ ಪಾಠದ ಮನೆಯಲ್ಲಿ. ಬಟ್ಟೆ ಒಗೆಯುವ ಅಂಗಡಿಯ ಮಹಡಿಯ ಮೇಲೆ ಅವಳ ಅಮ್ಮ ಓಣಿಯ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದಳು. ಅಂಗೈಯೊಳಗೆ ಮೊಟ್ಟೆ ಹಿಡಿದ ಹಾಗೆ ಕೈ ಗುಂಡಗಿರಬೇಕು ಎಂಬುದು ಅವಳ ಮೊದಲ ಪಾಠ. ಬೇರೆ ಮಕ್ಕಳಿಗೆ ಮಾತಿನ ಮೊಟ್ಟೆ, ಮಗಳಿಗೆ ಮಾತ್ರ ನಿಜವಾದದ್ದು. ಒಡೆದರೆ ಪಿಯಾನೋದ ಬಿಳಿ, ಕಪ್ಪು ಸ್ವರಮನೆಗಳ ಸಂದಿಯಿಂದ ಒರೆಸಿ ತೆಗೆದು ಮೊದಲಿನಿಂದ ನುಡಿಸಬೇಕಿತ್ತು. ಸಂಗೀತ ಕಾಲೇಜಿನ ಪರೀಕ್ಷೆಯಲ್ಲಿ ಮಿರಾನ್ ತೇರ್ಗಡೆಯಾಗಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಪಾಠದ ಮನೆಯ ಬೀಗದ ಕೈಯನ್ನು ಅವಳ ಮುಂದೆ ಇಟ್ಟಳು, ಅಷ್ಟೆ. ಅಂದಿನಿಂದ ಆ ಮಹಡಿ ಮಿರಾನ್‌ಳದಾಯಿತು. ಮದುವೆಯ ಮಾತು ಎತ್ತಿದವರಿಗೆ, "ಪಿಯಾನೋ ಹೊರೋ ಅಂಥ ಬೆನ್ನಿನವನು ಸಿಕ್ಕಿದ್ರೆ ನೋಡೋಣ" ಅನ್ನುತ್ತಿದ್ದಳು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಕ್ಕಳಿಗೆ ಮಾತ್ರ ಅವಳು ಯಾವತ್ತೂ ಹೊಡೆದವಳಲ್ಲ.

ದುಸಿಕ್‌ನ 'ಹಿಮಮೀನು' ಬ್ಯಾಂಡಿಗೆ ಅವಳು ಸೇರಿದ್ದು ಕೀಬೋರ್ಡು ನುಡಿಸುವವರು ಬೇರೆ ಯಾರೂ ಸಿಗದಿದ್ದಾಗ. ದುಸಿಕ್ ಹಾಡು ಕಟ್ಟುತ್ತಿದ್ದ, ಗಿಟಾರು ನುಡಿಸಿಕೊಂಡು ಹಾಡುತ್ತಿದ್ದ. ಹೊಟ್ಟೆಪಾಡಿಗೆ ಕಬ್ಬಿಣದ ಬಾಣಲೆಯಲ್ಲಿ ಖಾರದ ಕೋಳಿ ಹುರಿದು ಕೊಡುವ ಹೋಟೆಲು ಇಟ್ಟಿದ್ದ. ಡ್ರಮ್ಮಿನವನು ದೋ ಗಿಹೋ, ಇಬ್ಬರಿಗಿಂತಲೂ ಚಿಕ್ಕವನು, ಸಾಮಾನು ಸಾಗಿಸುವ ಟ್ರಕ್ಕು ಓಡಿಸುತ್ತಿದ್ದ. ಅಣ್ಣ ಅಕ್ಕಂದಿರ ಜಗಳದ ನಡುವೆ ಅವನು ಯಾವಾಗಲೂ ನೆಲ ನೋಡುತ್ತ ಕೂತಿರುತ್ತಿದ್ದ.

"ಕೀಬೋರ್ಡು ಅಂದ್ರೆ ಎಳ್ಳೆಣ್ಣೆ ಕಣೇ," ಎನ್ನುತ್ತಿದ್ದ ದುಸಿಕ್. "ಕೊನೇಲಿ ಒಂದು ತೊಟ್ಟು ಬಿಟ್ರೆ ಸಾಕು. ನೀನು ಬಾಟ್ಲಿನೇ ಬಗ್ಗಿಸ್ತೀಯ."

"ನಿನ್ನ ಗಿಟಾರು ಬೆಳ್ಳುಳ್ಳಿ. ತಿಂದು ಎರಡು ದಿನ ಆದ್ರೂ ಬಾಯಿಂದ ವಾಸನೆ ಹೋಗಲ್ಲ," ಎನ್ನುತ್ತಿದ್ದಳು ಮಿರಾನ್.

ಇಷ್ಟು ವರ್ಷವಾದರೂ ಬ್ಯಾಂಡಿಗೆ ಒಂದು ಆಲ್ಬಮ್ ಇರಲಿಲ್ಲ. ಆ ಚಳಿಗಾಲದಲ್ಲಿ ಕೊನೆಗೂ ಸ್ಟುಡಿಯೋ ಗೊತ್ತಾಯಿತು. ಸರೋವರದ ದಾರಿಯಲ್ಲಿದ್ದ ಹಳೆಯ ಮನೆಯೊಂದನ್ನು ನಾಮ್‌ಗುಂಗ್ ಎಂಬುವರು ಧ್ವನಿಮುದ್ರಣಕ್ಕೆ ಅಣಿಗೊಳಿಸಿದ್ದರು. ಗೋಡೆಗೆಲ್ಲ ಸದ್ದು ಹೀರುವ ದಪ್ಪ ಹಾಸು ಬಡಿದಿದ್ದರು, ಕಿಟಕಿಗಳನ್ನು ಮುಚ್ಚಿದ್ದರು. ನೆಲವನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎಲ್ಲ ಮನೆಗಳಂತೆ ಅಲ್ಲೂ ನೆಲದಡಿಯ ಕೊಳವೆಗಳಲ್ಲಿ ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬೆಚ್ಚಗಾಗುತ್ತಿತ್ತು. ನೀರು ಮೊದಲು ಬರುವ ಒಳಗಿನ ಮೂಲೆ ಹೆಚ್ಚು ಬಿಸಿ, ಬಾಗಿಲ ಬದಿ ತಣ್ಣಗೆ.

ಒಂದೊಂದೇ ಹಾಡು ಮುಗಿಯುತ್ತ ಬಂದ ಹಾಗೆ ಮಿರಾನ್ ನುಡಿಸಿದ್ದು ಒಂದೊಂದೇ ಅಳಿಸಿಹೋಯಿತು. ಒಂದರಲ್ಲಿ ಗಿಟಾರಿಗೆ ಜಾಗ ಸಾಲದು ಎಂದ ದುಸಿಕ್. ಇನ್ನೊಂದರಲ್ಲಿ ಪಿಯಾನೋ ಇಲ್ಲದಿದ್ದರೇ ಹಾಡು ಓಡುತ್ತದೆ ಎಂದ. ಕೇಳಿ ನೋಡಿದಾಗ ಅದು ನಿಜ ಎಂದು ಮಿರಾನ್‌ಗೇ ಅನ್ನಿಸಿತು. ಅದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು. ಕಡೆಗೆ ಉಳಿದದ್ದು ಒಂದೇ ಹಾಡು, ಆಲ್ಬಮ್‌ನ ಕೊನೆಯದು. ಅಣೆಕಟ್ಟಿನ ನೀರಿನಡಿ ಹೋದ ಹಳ್ಳಿಗಳ ಮೇಲೆ ದುಸಿಕ್ ಕಟ್ಟಿದ ನಿಧಾನದ ಹಾಡು. ಅದಕ್ಕೆ ಕೀಬೋರ್ಡು ಬೇಕೇ ಬೇಕು ಎಂಬುದನ್ನು ಅವನೂ ಒಪ್ಪಿದ. ಯಾವ ಕೀಬೋರ್ಡು ಎಂಬುದರ ಮೇಲೆ ಯುದ್ಧ ಶುರುವಾಯಿತು.

ಸ್ಟುಡಿಯೋದ ಪಿಯಾನೋ ನುಡಿಸಿ ನೋಡಿದರು. ಮದುವೆ ಹಾಲ್‌ನಲ್ಲಿ ಹುಡುಗಿ ನಡೆದು ಬರುವ ಹಾಗಿತ್ತು. ನಾಮ್‌ಗುಂಗ್ ಅವರ ಎಲೆಕ್ಟ್ರಿಕ್ ಪಿಯಾನೋ ನೋಡಿದರು. ಅದು ಸಕ್ಕರೆ ಹೆಚ್ಚಾದ ಕಾಫಿ.

"ಸಿಯೋಲ್‌ನಲ್ಲಿ ಒಬ್ಬನಿದ್ದಾನೆ," ಎಂದ ದುಸಿಕ್. "ಅವನ ಡಬ್ಬಿಯೊಳಗೆ ಸಾವಿರ ವಾದ್ಯದ ಸದ್ದಿದೆ. ಮಧ್ಯಾಹ್ನ ಬಂದು ಸಂಜೆಗೆ ಮುಗಿಸಿ ಹೋಗ್ತಾನೆ. ಅವನು ಜಗಳಾನೂ ಆಡಲ್ಲ."

"ಡಬ್ಬಿ ಊಟಾನ ನಿನ್ನ ಹೋಟ್ಲಲ್ಲಿ ಬಡಿಸು. ಈ ಹಾಡಿಗೆ ಕಾಲು ಹಾರ್ಮೋನಿಯಂ ಬೇಕು. ಶಾಲೇಲಿ ಇರ್ತಿತ್ತಲ್ಲ, ತುಳಿದು ನುಡಿಸೋದು, ಅದು."

"ಈ ಕಾಲದಲ್ಲಿ ಅದನ್ನ ಎಲ್ಲಿಂದ ತರ್ತೀಯ?"

"ಅದು ನನ್ನ ತಲೆನೋವು."

ದುಸಿಕ್ ಬೆರಳು ತೋರಿಸಿ ಹೇಳಿದ. "ಹಾಗಾದ್ರೆ ಕೇಳಿಸ್ಕೋ. ಶನಿವಾರ ಸಂಜೆವರೆಗೆ ಈ ಕೋಣೆ ನಮ್ದು. ಅಷ್ಟರೊಳಗೆ ಆದ್ರೆ ಆಯ್ತು. ಆಗ್ಲಿಲ್ವಾ, ಸಿಯೋಲ್‌ನವನು ತನ್ನ ಮನೇಲೇ ನುಡಿಸಿ ಕಳಿಸ್ತಾನೆ. ಆಲ್ಬಮ್ ಮೇಲೆ ನಿನ್ನ ಹೆಸರು ಇರಲ್ಲ."

ಉಳಿದ ಹಾಡುಗಳಲ್ಲಿ ಅವಳ ಬೆರಳಿನ ಗುರುತೇ ಇರಲಿಲ್ಲ. ಇದೂ ಹೋದರೆ ಅಷ್ಟು ವರ್ಷ ಅವಳು ಆ ಬ್ಯಾಂಡಿನಲ್ಲಿ ಇದ್ದಳು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಮಿರಾನ್‌ಗೆ ಗೊತ್ತಿತ್ತು.

ಗಿಹೋ ಸಾಮಾನು ಸಾಗಿಸುವಾಗ ಸರೋವರದ ಮೇಲ್ದಂಡೆಯಲ್ಲಿ ಮುಚ್ಚಿಹೋದ ಶಾಲೆಯೊಂದನ್ನು ನೋಡಿದ್ದ. ಊರ ಮುಖ್ಯಸ್ಥರನ್ನು ಕೇಳಿ ಶುಕ್ರವಾರ ಬೆಳಗ್ಗೆ ಅವನೂ ಮಿರಾನ್‌ಳೂ ಟ್ರಕ್ಕಿನಲ್ಲಿ ಹಾರ್ಮೋನಿಯಂ ತಂದರು. ಕಂದು ಬಣ್ಣದ ಪುಟ್ಟ ಪೆಟ್ಟಿಗೆ. ಶಾಲೆಯ ಮಕ್ಕಳೂ ಹೊರಲಿ ಎಂದು ಎರಡು ಬದಿಗೂ ಹಿಡಿಕೆ ಇದ್ದವು. ಮಿರಾನ್ ತುಳಿದು ನೋಡಿದಳು. ಮೂಗು ಕಟ್ಟಿದ ಮಗು ಹಾಡಿದ ಹಾಗೆ ಸ್ವರ ಬಂತು. ಎಲ್ಲ ಸ್ವರಮನೆಗಳೂ ನುಡಿದವು. ಅವಳಿಗೆ ಬೇಕಿದ್ದದ್ದು ಅದೇ.

ದುಸಿಕ್ ಬಂದವನು ಅದನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಬಗ್ಗಿ ಪೆಟ್ಟಿಗೆಯ ಬೆನ್ನು ನೋಡಿದ.

"ಎಲ್ಲಿಂದ ತಂದ್ರಿ ಇದನ್ನ?"

ಗಿಹೋ ಶಾಲೆಯ ಹೆಸರು ಹೇಳಿದ. ದುಸಿಕ್‌ನ ಮುಖ ಬಿಗಿಯಿತು. "ಗುಜರಿ. ಹೊರಗೆ ಹಾಕಿ," ಎಂದ.

"ಶನಿವಾರ ಸಂಜೆವರೆಗೆ ಅಂತ ಹೇಳಿದ್ದು ನೀನೇ. ಇನ್ನೂ ಶುಕ್ರವಾರ," ಎಂದಳು ಮಿರಾನ್. "ಇನ್ನೊಂದು ವಿಷಯ. ಇದರ ಶ್ರುತಿ ನಿನ್ನ ಗಿಟಾರಿಗಿಂತ ಒಂದು ಎಳೆ ಮೇಲಿದೆ. ಇದರಲ್ಲಿ ಸ್ವರ ಹೊರಡಿಸೋ ರೀಡುಗಳು ಹಿತ್ತಾಳೆ, ತಿರುಗಿಸೋಕೆ ಆಗಲ್ಲ. ನಿನ್ನ ಗಿಟಾರಿಗೆ ಬಿರಡೆ ಇದೆ. ನೀನೇ ಇದಕ್ಕೆ ಹೊಂದಿಸ್ಕೋಬೇಕು."

"ನಾನು? ಇದಕ್ಕೆ?"

"ಬಿರಡೆ ಇರೋದು ಯಾಕೆ ಮತ್ತೆ?"

ನಾಮ್‌ಗುಂಗ್ ತಮ್ಮ ಯಂತ್ರಗಳ ಹಿಂದಿನಿಂದ, "ಅವಳು ಹೇಳಿದ್ದೇ ಸರಿ ಕಣಯ್ಯಾ," ಎಂದರು. ದುಸಿಕ್ ಹಲ್ಲು ಕಡಿಯುತ್ತ ಬಿರಡೆ ತಿರುಗಿಸಿದ. ಮಧ್ಯಾಹ್ನವೆಲ್ಲ ಕೂತು ಆ ಶ್ರುತಿಗೆ ಗಿಟಾರನ್ನೂ ಹಾಡನ್ನೂ ಹೊಸದಾಗಿ ಮುದ್ರಿಸಿದ್ದಾಯಿತು. ಹಾರ್ಮೋನಿಯಂ ಸರದಿ ಮರುದಿನಕ್ಕೆ.

ಸಂಜೆಯ ಪಾಠಕ್ಕೆ ಹೊರಡುವ ಮೊದಲು ಮಿರಾನ್ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇದು ಬಾಗಿಲ ಬದೀಲೇ ಇರಲಿ. ಯಜಮಾನ್ರೇ, ಕೊಳವೆ ಹೆಪ್ಪುಗಟ್ಟದಷ್ಟು ಬಿಸಿ ಇಡಿ, ಸಾಕು. ಬಿಸಿನೆಲ ಅಂದ್ರೆ ವಾದ್ಯಕ್ಕೆ ವಿಷ." ಚಳಿಗಾಲ ಬಂದರೆ ಅವಳ ಪಾಠದ ಮನೆಯ ಪ್ರತಿ ಪಿಯಾನೋದ ಹೊಟ್ಟೆಯಲ್ಲೂ ನೀರಿನ ಡಬ್ಬಿ ಇರುತ್ತಿತ್ತು, ಮರ ಒಣಗಿ ಸೀಳದಿರಲಿ ಎಂದು.

ಶನಿವಾರ ಬೆಳಗ್ಗೆ ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಅಂಗಾಲು ಚುರ್ ಎಂದಿತು.

ಬಾಗಿಲ ಬದಿಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಅದು ಒಳಗಿನ ಮೂಲೆಯಲ್ಲಿತ್ತು. ಮನೆಗೆ ಅಜ್ಜಿಯೋ ದೂರದ ನೆಂಟರೋ ಬಂದರೆ ಕೂರಿಸುವ, ಊಟದ ಬಟ್ಟಲನ್ನು ಆರದಿರಲೆಂದು ಇಡುವ ಆ ಬೆಚ್ಚನೆ ಮೂಲೆಯಲ್ಲಿ. ಮೈಗೆ ರಜಾಯಿ ಸುತ್ತಿತ್ತು. ಮಿರಾನ್ ರಜಾಯಿ ಕಿತ್ತೆಸೆದು ತುಳಿದಳು. ಪೆಟ್ಟಿಗೆ ಒಂದು ನಿಟ್ಟುಸಿರು ಬಿಟ್ಟಿತು. ಸ್ವರ ಬರಲಿಲ್ಲ. ಬೆನ್ನಿನ ಹಲಗೆ ಬಿಚ್ಚಿ ನೋಡಿದಳು. ಗಾಳಿ ತುಂಬುವ ತಿದಿಯ ಬಟ್ಟೆ ಅಂಚಿನುದ್ದಕ್ಕೂ ಬಿಟ್ಟುಕೊಂಡಿತ್ತು. ಅದನ್ನು ಅಂಟಿಸಿದ್ದ ಹಳೆಯ ಹಿಟ್ಟಿನ ಸರಿ ಒಣಗಿ ಪುಡಿಪುಡಿಯಾಗಿ ಉದುರಿತ್ತು.

ದುಸಿಕ್ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಒಳಗೆ ಬಂದ. ಮಿರಾನ್ ಎದ್ದು ನಿಂತು ಆ ಲೋಟಕ್ಕೆ ಹೊಡೆದಳು. ಕಾಫಿ ಗೋಡೆಗೆ ಚೆಲ್ಲಿತು.

"ಹಾಳು ಮಾಡಿದ್ಯಲ್ಲೋ! ನೇರವಾಗಿ ಬೇಡ ಅನ್ನೋ ಧೈರ್ಯ ಇಲ್ದೆ ಹಿಂಗೆ ಕದ್ದು ಕೊಂದ್ಯಾ?"

"ಹುಚ್ಚು ಹಿಡಿದಿದ್ಯಾ ನಿಂಗೆ? ಆ ಗುಜರಿ ನಾನ್ಯಾಕೆ ಮುಟ್ಟಲಿ?"

"ನಿನ್ನೆ ಕೊನೇಲಿ ಹೋದವನು ನೀನು."

"ಗಿಹೋನೂ ಇದ್ದ. ಅವನನ್ನ ಯಾಕೆ ಕೇಳಲ್ಲ?"

ಹೇಳಬಾರದಿತ್ತು ಎಂದು ದುಸಿಕ್‌ಗೆ ಆ ಗಳಿಗೆಯಲ್ಲೇ ಹೊಳೆದಿರಬೇಕು, ಬಿದ್ದ ಲೋಟ ಎತ್ತಲು ಬಗ್ಗಿದ. ಮಿರಾನ್ ತಿರುಗಿದಳು. ಗಿಹೋ ಡ್ರಮ್ಮಿನ ಹಿಂದೆ ನೆಲ ನೋಡುತ್ತ ಕೂತಿದ್ದ.

"ಗಿಹೋ, ಇದನ್ನ ಒಬ್ಬನೇ ಎತ್ತೋಕಾಗಲ್ಲ. ಆ ಕಡೆ ಹಿಡಿಕೆ ಹಿಡಿದವರು ಯಾರು?"

"ಅಕ್ಕಾ, ನನ್ನ ಕೇಳ್ಬೇಡಿ."

"ಕೇಳ್ತಿದ್ದೀನಿ."

ಗಿಹೋ ಕಣ್ಣೆತ್ತದೆ ಹೇಳಿದ. "ಅಣ್ಣನೇ... ಬಾಗಿಲಿಂದ ಚಳಿಗಾಳಿ ಬರುತ್ತೆ, ಇಷ್ಟು ವಯಸ್ಸಾಗಿದೆ ಅದಕ್ಕೆ, ಬೆಚ್ಚಗಿಡೋಣ ಅಂದ್ರು. ಬಾಯ್ಲರನ್ನೂ ಅವರೇ ಏರಿಸಿದ್ದು. ಅಣ್ಣ ಓದಿದ್ದು ಅದೇ ಶಾಲೇಲಿ ಅಂತೆ, ಅಕ್ಕಾ. ಮುಳುಗಿದ ಊರಿನ ಮಕ್ಕಳನ್ನೆಲ್ಲ ಆ ಶಾಲೆಗೇ ಸೇರಿಸಿದ್ರಂತೆ."

"ಬಾಯಿ ಮುಚ್ಚೋ!" ದುಸಿಕ್‌ನ ಮುಖ ಕೆಂಪಾಗಿತ್ತು. ಕೆಟ್ಟದ್ದು ಮಾಡಿ ಸಿಕ್ಕಿಬಿದ್ದಿದ್ದರೆ ಅವನು ಇಷ್ಟು ಕುಗ್ಗುತ್ತಿರಲಿಲ್ಲ. "ಹೌದು ಕಣೇ, ಅದು ನಮ್ಮ ಶಾಲೇದು. ಆ ತರಗತಿಯಿಂದ ಈ ತರಗತಿಗೆ ನಾವೇ ಹೊರ್ತಿದ್ವಿ. ಚಳಿಗಾಲದಲ್ಲಿ ಮೇಷ್ಟ್ರು ಒಲೆ ಪಕ್ಕ ಇಡಿಸೋರು. ನಿಂಗೆ ಯಾರು ಹೇಳಿದ್ರು ಅದನ್ನ ಎತ್ಕೊಂಡು ಬಾ ಅಂತ? ನನ್ನೊಂದು ಮಾತು ಕೇಳಿದ್ಯಾ?"

"ಒಲೆ ಪಕ್ಕ ಇಡ್ತಿದ್ರು. ನೀನು ಒಲೆ ಮೇಲೇ ಕೂರಿಸಿದ್ದೀಯ. ಅದರ ಹೊಟ್ಟೆ ಇರೋದು ಕೆಳಗೆ ಕಣೋ ದಡ್ಡಾ. ಹಾರ್ಮೋನಿಯಂ ಅಂದ್ರೆ ನಿಮ್ಮಜ್ಜಿ ಅಂದ್ಕೊಂಡ್ಯಾ?"

ಅವನು ಗಾಜಿನ ಆಚೆ, ಯಂತ್ರಗಳಿದ್ದ ಕೋಣೆಯ ಗೋಡೆಯ ಮೇಲಿನ ಫೋನಿನ ಕಡೆ ನೋಡಿದ. "ಆಗಿದ್ದಾಯ್ತು. ಸಿಯೋಲ್‌ಗೆ ಹೇಳ್ತೀನಿ."

"ಸಂಜೆವರೆಗೆ ಆ ಫೋನ್ ಮುಟ್ಟಿ ನೋಡು, ಕೈ ಮುರೀತೀನಿ," ಎಂದಳು ಮಿರಾನ್.

ನಾಮ್‌ಗುಂಗ್ ಬಾಯ್ಲರ್ ಆರಿಸಿದರು. ಹಳೆ ಮನೆಗಳ ಮರದ ಚೌಕಟ್ಟಿನ ಬಾಗಿಲಿಗೆ ಗಾಜಿನ ಬದಲು ಅಂಟಿಸುವ ಗಟ್ಟಿ ಕಾಗದ ಅವರ ಮನೆಯಲ್ಲಿ ಉಳಿದಿತ್ತು. ನೂಡಲ್ಸ್ ಬೇಯಿಸುವ ಪಾತ್ರೆಯಲ್ಲಿ ಮಿರಾನ್ ಹಿಟ್ಟಿನ ಸರಿ ಕಾಯಿಸಿದಳು. ಕಾಗದವನ್ನು ಪಟ್ಟಿಪಟ್ಟಿಯಾಗಿ ಹರಿದು, ತಿದಿಯ ಅಂಚಿಗೆ ಹಚ್ಚಿ, ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದಳು. ಆರಲು ಬಿಟ್ಟಳು. ಗಿಹೋ ಹೊರಗಿನಿಂದ ತಂದ ತಣ್ಣನೆ ಶಾವಿಗೆಯನ್ನು ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಮಧ್ಯಾಹ್ನ ಅವಳು ತುಳಿದಾಗ ಸ್ವರ ಬಂತು, ಆದರೆ ತಿದಿ ಇನ್ನೂ ಸೋರುತ್ತಿತ್ತು. ಸ್ವರ ನಿಲ್ಲಬೇಕಾದರೆ ಓಡಿದ ಹಾಗೆ ತುಳಿಯಬೇಕು. ಹಾಗೆ ತುಳಿದರೆ ಮೈ ಅಲುಗಿ ಬೆರಳು ತಪ್ಪುತ್ತಿತ್ತು, ಕಾಲಿನ ದಡಬಡ ಮೈಕಿನೊಳಗೆ ಹೋಗುತ್ತಿತ್ತು.

"ಇನ್ನೊಬ್ಬರು ಕೆಳಗೆ ಕೂತು ಕೈಯಲ್ಲಿ ಒತ್ಬೇಕು," ಎಂದಳು.

ಗಿಹೋ ಥಟ್ಟನೆ ಮಂಡಿಯೂರಿದ. ಹಾಡು ಶುರುವಾಯಿತು. ಡ್ರಮ್ಮಿನವನ ಕೈ, ತಾಳ ಬಿಟ್ಟು ಒತ್ತಲೇ ಇಲ್ಲ. ಪ್ರತಿ ಹೊಡೆತಕ್ಕೂ ಸ್ವರ ಉಬ್ಬಿ ಇಳಿಯಿತು.

"ಗಿಹೋ, ತಾಳ ಬೇಡ ಕಣಪ್ಪಾ."

"ಬೇಡ ಅಂದ್ಕೊಂಡೇ ಒತ್ತಿದೆ ಅಕ್ಕಾ. ಅದಾಗಿ ಅದೇ ಬರುತ್ತೆ."

"ಮೆರವಣಿಗೆ ಹೊರಟ ಹಾಗಿದೆ," ಎಂದರು ನಾಮ್‌ಗುಂಗ್, ಗಾಜಿನ ಆಚೆಯಿಂದ. ಮತ್ತೆ ಮಾಡಿದರು. ಮತ್ತೆ ಮೆರವಣಿಗೆ. ನಾಮ್‌ಗುಂಗ್ ಯಂತ್ರ ಬಿಟ್ಟು ಬರುವಂತಿರಲಿಲ್ಲ. ಹೊರಗೆ ಬಿಸಿಲು ಆಗಲೇ ಗುಡ್ಡದ ಕಡೆ ವಾಲುತ್ತಿತ್ತು.

ಮಿರಾನ್ ದುಸಿಕ್‌ನನ್ನು ನೋಡಿದಳು. "ಬಾ."

"ಏನು ಬಾ?"

"ನೀನು ಹಾಡೋನು. ಉಸಿರು ಅಂದ್ರೆ ಏನು ಅಂತ ಗೊತ್ತಲ್ಲ. ಬಗ್ಗು."

"ನಿನ್ನ ಕಾಲ ಹತ್ರ ನಾನು ಬಗ್ಬೇಕಾ? ಸತ್ರೂ ಇಲ್ಲ."

"ನಿನ್ನ ಶಾಲೇದು ಅಂದ್ಯಲ್ಲ. ಅದರ ಹೊಟ್ಟೆ ಸೀಳಿದ್ದೂ ನೀನೇ. ಈಗ ಉಸಿರು ಕೊಡೋಕೆ ಮಂಡಿ ನೋವಾ?"

ದುಸಿಕ್ ಒಂದು ಕೆಟ್ಟ ಬೈಗುಳ ಬೈದ. ಕೋಟು ಕಳಚಿ ಗಿಹೋನ ಮೇಲೆ ಎಸೆದ. ಬಂದು, ಅವಳ ಕಾಲ ಬಳಿ ಇನ್ನೂ ಬಿಸಿ ಆರದ ನೆಲದ ಮೇಲೆ ಮಂಡಿಯೂರಿ, ಎರಡು ಕೈಯನ್ನೂ ತುಳಿಯುವ ಹಲಗೆಗಳ ಮೇಲೆ ಇಟ್ಟ.

"ನಿಧಾನ," ಎಂದಳು.

"ನಂಗೆ ಹೇಳಿಕೊಡ್ಬೇಡ."

"ಅಷ್ಟು ಜೋರಲ್ಲ. ಕೋಳಿ ಹುರೀತಿಲ್ಲ ನೀನು."

"ನಿನ್ನ ಸ್ವರ ನೋಡ್ಕೋ."

"ಇಬ್ಬರೂ ಬಾಯಿ ಮುಚ್ಚಿ," ಎಂದರು ನಾಮ್‌ಗುಂಗ್. "ಶುರು ಮಾಡ್ತಿದ್ದೀನಿ."

ಅಷ್ಟು ವರ್ಷಗಳಲ್ಲಿ ಆ ಇಬ್ಬರೂ ಒಂದೇ ಕೋಣೆಯಲ್ಲಿ ಒಂದು ಹಾಡಿನಷ್ಟು ಹೊತ್ತು ಮಾತಿಲ್ಲದೆ ಇದ್ದದ್ದು ಅದೇ ಮೊದಲು. ಉಸಿರಾಟದ ಸದ್ದೂ ಮೈಕಿಗೆ ಬೀಳುತ್ತದೆ ಎಂದು ಬಾಯಿ ಬಿಗಿದುಕೊಂಡಿದ್ದರು. ಹೆಡ್‌ಫೋನಿನಲ್ಲಿ ದುಸಿಕ್‌ನದೇ ಹಿಂದಿನ ದಿನದ ದನಿ ಹಾಡುತ್ತಿತ್ತು. ಅವನ ಕೈ ಆ ದನಿಯ ಜೊತೆ ಏರಿತು, ಜೊತೆಗೇ ತಗ್ಗಿತು. ಎಲ್ಲಿ ಉಸಿರು ಬೇಕೋ ಅಲ್ಲಿ ಗಾಳಿ ಇತ್ತು. ಇವನು ಇಷ್ಟು ಚೆನ್ನಾಗಿ ಮಾಡಬಾರದಿತ್ತು ಎಂದು ಮಿರಾನ್‌ಗೆ ಒಳಗೊಳಗೇ ಉರಿಯಿತು. ಎರಡನೇ ಚರಣದಲ್ಲಿ ಮುಳುಗಿದ ಕೇರಿಗಳ ಹೆಸರು ಒಂದೊಂದಾಗಿ ಬರುತ್ತದೆ. ಅಲ್ಲಿ ಒಂದು ಹೆಸರಿನ ಮೇಲೆ ಅವನ ಕೈ ನಿಂತಿತು. ಸ್ವರ ಕುಸಿಯಿತು, ಆರಿಯೇಹೋಯಿತು ಅನ್ನುವಷ್ಟು. ಮತ್ತೆ ಕೈ ಒತ್ತಿತು, ಸ್ವರ ಎದ್ದಿತು. ಮಿರಾನ್ ಬೆರಳು ಕದಲಿಸದೆ ಕೊನೆಯವರೆಗೂ ನುಡಿಸಿದಳು.

ನಾಮ್‌ಗುಂಗ್ ಹೆಬ್ಬೆರಳು ಎತ್ತಿ ತೋರಿಸಿದರು. ಎಲ್ಲರೂ ಗಾಜಿನ ಆಚೆ ಹೋಗಿ ಕೇಳಿದರು. ಹಾಡು ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವನು ದುಸಿಕ್.

"ಇನ್ನೊಂದು ಸಲ."

"ಯಾಕೆ?"

"ಎರಡನೇ ಚರಣದಲ್ಲಿ ಬಿದ್ದುಹೋಯ್ತಲ್ಲ. ಕೇಳಿಸ್ಲಿಲ್ವಾ?"

"ಕೇಳಿಸ್ತು. ಬಿದ್ದಿದ್ದು ನಿನ್ನ ಕೈ. ನನ್ನ ಬೆರಳು ಎಲ್ಲೂ ತಪ್ಪಿಲ್ಲ." ಮಿರಾನ್ ಕೋಟು ತೊಟ್ಟುಕೊಂಡಳು. "ಒಂದು ಸಲ ಸರಿಯಾಗಿ ನುಡಿಸೋದು ನನ್ನ ಕೆಲಸ. ನುಡಿಸಿದೆ. ನಿನ್ನ ತಪ್ಪಿಗೆ ನಾನು ಮತ್ತೆ ಕೂರಲ್ಲ."

"ಇನ್ನೂ ಹೊತ್ತಿದೆ ಅಕ್ಕಾ," ಎಂದ ಗಿಹೋ ಮೆಲ್ಲಗೆ. "ಒಂದೇ ಸಲ ಅಲ್ವಾ?"

"ನೀನು ಸುಮ್ನಿರು. ನನ್ನ ಪಿಯಾನೋನೆಲ್ಲ ಇವನು ಅಳಿಸಿದಾಗ ಒಂದು ಸಲನಾದ್ರೂ ಇನ್ನೊಮ್ಮೆ ಕೇಳೋಣ ಅಂದ್ಯಾ?"

ದುಸಿಕ್ ಬಾಗಿಲಿಗೆ ಅಡ್ಡ ನಿಂತ. "ನನ್ನ ಹಾಡು ಕಣೇ ಅದು! ಹಾಳು ಮಾಡ್ಬೇಡ."

ಮಿರಾನ್ ಗೋಡೆಯ ಫೋನು ಎತ್ತಿ ಅವನ ಎದೆಗೆ ಹಿಡಿದಳು. "ಹಾಗಾದ್ರೆ ತಗೋ. ಸಿಯೋಲ್‌ನವನಿಗೆ ಹೇಳು. ಅವನ ಡಬ್ಬಿ ಎಲ್ಲೂ ಬೀಳಲ್ಲ."

ಫೋನಿನೊಳಗೆ ಗುಂಯ್ ಎನ್ನುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ದುಸಿಕ್ ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಅವನ ಪ್ಯಾಂಟಿನ ಮಂಡಿಗೆ ಹಿಟ್ಟಿನ ಸರಿ ಅಂಟಿ ಒಣಗಿತ್ತು. ಗಾಜಿನ ಆಚೆ ಹಾರ್ಮೋನಿಯಂ ಬೆನ್ನು ಬಿಚ್ಚಿಕೊಂಡು ನಿಂತಿತ್ತು. ಅವನು ಅದನ್ನು ನೋಡಿದ. ಒಂದು ಅಂಕಿಯನ್ನೂ ಒತ್ತಲಿಲ್ಲ. ಕೊನೆಗೆ ಫೋನನ್ನು ಕೊಕ್ಕೆಗೆ ಅಪ್ಪಳಿಸಿದ.

"ಇದೇ ಇರಲಿ, ಯಜಮಾನ್ರೇ," ಎಂದ ನಾಮ್‌ಗುಂಗ್‌ಗೆ. ಮತ್ತೆ ಅವಳ ಕಡೆ ತಿರುಗಿ ಹಲ್ಲು ಬಿಟ್ಟ. "ಆಲ್ಬಮ್ ಮೇಲೆ ಹಾರ್ಮೋನಿಯಂ ಅಂತ ನಿನ್ನೊಬ್ಬಳ ಹೆಸರೇ ಇರುತ್ತೆ ಕಣೇ. ತಿದಿ ಒತ್ತಿದ್ದು ಯಾರು ಅಂತ ಯಾರೂ ಬರೆಯಲ್ಲ. ಕೇಳಿದವರೆಲ್ಲ ಆ ಪಿಯಾನೋ ಮೇಡಂಗೆ ನುಡಿಸೋಕೇ ಬರಲ್ಲ ಅಂತಾರೆ. ಯೋಚನೆ ಮಾಡಿದ್ಯಾ?"

ಮಿರಾನ್ ಅದನ್ನು ಯೋಚಿಸಿರಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ತಿರುಗಿ ಹೋಗಿ ಕೂತರೆ ಇನ್ನೊಂದು ಸಲಕ್ಕೆ ಹೊತ್ತಿತ್ತು. ಅವನೂ ಮಂಡಿಯೂರಲು ತಯಾರಿದ್ದ, ಅವನ ಮುಖದಲ್ಲೇ ಅದು ಕಾಣುತ್ತಿತ್ತು.

"ಅಂದ್ಕೊಳ್ಲಿ," ಎಂದಳು.

ಬಾಗಿಲು ತೆರೆದಳು. ಸರೋವರದ ಕಡೆಯ ಗಾಳಿ ಒಳಗೆ ನುಗ್ಗಿತು. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವನು ಬೈಯುತ್ತಲೇ ಇದ್ದ, ಅವಳು ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟು ಇಳಿದು ಹೋದಳು.